ಅಡಿಕೆಗೆ ಧಾರಣೆ ಇದೆ, ಚಿತ್ರಕ್ಕೆ ಯಾಕಿಲ್ಲ?

ನಮ್ಮೂರ ದೇವಸ್ಥಾನದಲ್ಲಿ ಜಾತ್ರೆ ಮುಗಿದ ಮೇಲೆ ಹೊರೆಕಾಣಿಕೆಯಲ್ಲಿ ಉಳಿದದ್ದನ್ನು ಏಲಂ ಮಾಡುತ್ತಾರೆ. ಕಾಸರಗೋಡಿನ ಕಡೆಯವರಿಗೆ ಇದು ಹೊಸತೇನಲ್ಲ. ಒಂದು ನೇಂದ್ರ ಗೊನೆ ಐನೂರರಿಂದ ಶುರುವಾಗಿ ಎಂಟು ಸಾವಿರಕ್ಕೆ ಹೋದದ್ದನ್ನು ನಾನೇ ನೋಡಿದ್ದೇನೆ. ಕೊನೆಯವರೆಗೆ ಕೂಗಿದವರು ಇಬ್ಬರೇ. ಒಬ್ಬರು ಗಲ್ಫ್‌ನಿಂದ ರಜೆಗೆ ಬಂದವರು, ಇನ್ನೊಬ್ಬರು ಊರಿನ ಹಳೆ ಮನೆಯವರು. ಎಂಟು ಸಾವಿರ ಆ ಗೊನೆಯ ಬೆಲೆ ಎಂದು ಅಲ್ಲಿದ್ದ ಮಕ್ಕಳೂ ಅಂದುಕೊಳ್ಳಲಿಲ್ಲ. ದೇವರಿಗೆ ಕೊಟ್ಟ ದುಡ್ಡು, ಮೈಕಿನಲ್ಲಿ ಕೇಳಿಸಿದ ಹೆಸರು, ಇಬ್ಬರ ನಡುವಿನ ಸಣ್ಣ ಹಠ, ಇಷ್ಟೂ ಸೇರಿ ಎಂಟು ಸಾವಿರ. ಮರುದಿನ ಬದಿಯಡ್ಕ ಪೇಟೆಯಲ್ಲಿ ಯಾರೂ ‘ಗೊನೆಗೆ ಎಂಟು ಸಾವಿರ’ ಎಂದು ಬೋರ್ಡ್ ಹಾಕುವುದಿಲ್ಲ.

ಚಿತ್ರಗಳ ಏಲಂನಲ್ಲಿ ಆ ಬೋರ್ಡ್ ಹಾಕುತ್ತಾರೆ. ಒಂದು ಸಂಜೆ, ಒಂದು ಕೋಣೆಯಲ್ಲಿ, ಇಬ್ಬರು ಸೇರಿ ಏರಿಸಿದ ಮೊತ್ತ ಮರುದಿನದಿಂದ ಆ ಕಲಾವಿದರ ಎಲ್ಲ ಚಿತ್ರಗಳಿಗೂ ಅಳತೆಗೋಲಾಗುತ್ತದೆ. ಈ ಪೇಟೆ ಅರ್ಥವಾಗಬೇಕಾದರೆ ಇಲ್ಲಿಂದ ಶುರು ಮಾಡಬೇಕು.

2025ರ ಮಾರ್ಚ್ 19ರಂದು ನ್ಯೂಯಾರ್ಕಿನಲ್ಲಿ ಕ್ರಿಸ್ಟೀಸ್ ಎಂಬ ಏಲಂ ಮನೆ ನಡೆಸಿದ ಏಲಂನಲ್ಲಿ ಎಂ.ಎಫ್. ಹುಸೇನರ ‘ಗ್ರಾಮ ಯಾತ್ರಾ’ ಸುಮಾರು 1.38 ಕೋಟಿ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 118 ಕೋಟಿ ರೂ. ಏಲಂಗೆ ಮುಂಚೆ ಹಾಕಿದ್ದ ಅಂದಾಜು 25ರಿಂದ 35 ಲಕ್ಷ ಡಾಲರ್. ಹುಸೇನ್ ಅದನ್ನು ಬರೆದದ್ದು 1954ರಲ್ಲಿ. ಹಳ್ಳಿಯ ಬದುಕಿನ 13 ತುಣುಕುಗಳಿರುವ, 14 ಅಡಿಯ ಹತ್ತಿರ ಉದ್ದದ ಚಿತ್ರ. ದೆಹಲಿಯಲ್ಲಿ ಕೆಲಸ ಮಾಡಿದ್ದ ಒಬ್ಬ ವೈದ್ಯರು ಕೊಂಡದ್ದು, ಆಮೇಲೆ ನಾರ್ವೆಯ ಓಸ್ಲೊದ ಆಸ್ಪತ್ರೆಗೆ ಸೇರಿತು. ಅಲ್ಲಿ ದಶಕಗಟ್ಟಲೆ ಗೋಡೆಯ ಮೇಲೆ ಇತ್ತು. ಎದುರು ಓಡಾಡಿದವರಿಗೆ ಅದು ಬಣ್ಣ ಚೆನ್ನಾಗಿರುವ ಒಂದು ಚಿತ್ರ. ಅಷ್ಟೂ ವರ್ಷ ಅದರಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಬದಲಾದದ್ದು ಚಿತ್ರದ ಹೊರಗಿನ ಲೋಕ. ಭಾರತದ ಕಲೆಗೆ ದೊಡ್ಡ ದುಡ್ಡು ಕೊಡಬಲ್ಲವರು ಜಾಸ್ತಿಯಾದರು. ಹುಸೇನ್ ತೀರಿಕೊಂಡರು, ಇನ್ನು ಹೊಸ ಚಿತ್ರ ಬರುವುದಿಲ್ಲ. ಇಷ್ಟು ದೊಡ್ಡ ಹಳೆ ಕೃತಿ ಮಾರಾಟಕ್ಕೆ ಬರುವುದೇ ಅಪರೂಪ. ಇವೆಲ್ಲ ನಿಜವಾದ ಕಾರಣಗಳು. ಬೆಲೆ ಏರಿದಲ್ಲೆಲ್ಲ ಮೋಸ ಇದೆ ಎಂದು ನಾನು ಹೇಳುತ್ತಿಲ್ಲ.

ಆದರೆ ಏರುವುದಕ್ಕೂ ಏರಿಸುವುದಕ್ಕೂ ವ್ಯತ್ಯಾಸ ಇದೆ. ಅದನ್ನು ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಅಜ್ಜನ ಕಾಲದಲ್ಲಿ ಅಡಿಕೆಯನ್ನು ಮಂಗಳೂರಿನ ಬಂಡಸಾಲೆಗೆ ಕಳಿಸುತ್ತಿದ್ದರು. ಸಾಹುಕಾರರು ಗೋಣಿಯಿಂದ ಒಂದು ಹಿಡಿ ತೆಗೆದು, ಒಂದೆರಡು ಕತ್ತರಿಸಿ ನೋಡಿ, ಒಂದು ರೇಟು ಹೇಳುತ್ತಿದ್ದರು. ಅದೇ ರೇಟು. ಬೊಂಬಾಯಿಯಲ್ಲಿ ಎಷ್ಟಿದೆ, ಗುಜರಾತಿನಲ್ಲಿ ಎಷ್ಟಿದೆ ಎಂದು ಅಜ್ಜನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅವರ ಕೈಯಲ್ಲಿ ಮಾಲು ಇತ್ತು, ಸಾಹುಕಾರರ ಕೈಯಲ್ಲಿ ಸುದ್ದಿ ಇತ್ತು. ಸುದ್ದಿ ಇದ್ದವರೇ ಗೆದ್ದರು. 1973ರಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಸಹಕಾರಿಯಾಗಿ ಕ್ಯಾಂಪ್ಕೋ ಬಂತು. ಹೊಸತು, ಹಳತು, ಡಬ್ಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಒಂದೊಂದಕ್ಕೂ ಧಾರಣೆ ಹೊರಗೆ ಕಾಣುವ ಹಾಗಾಯಿತು. ಈಗ ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಕುಳಿತವರು ಬೆಳಿಗ್ಗೆ ಪೇಪರಿನಲ್ಲಿ, ಫೋನಿನಲ್ಲಿ ರೇಟು ನೋಡಿಯೇ ಗೋಣಿ ಕಟ್ಟುತ್ತಾರೆ. ಧಾರಣೆ ಬೀಳುತ್ತದೆ, ಏಳುತ್ತದೆ, ಬೈಗುಳ ಇದ್ದೇ ಇದೆ. ಆದರೂ ಕತ್ತಲಲ್ಲಿ ಮಾರುವ ಕಾಲ ಹೋಯಿತು.

ಚಿತ್ರಗಳ ಪೇಟೆ ಇವತ್ತಿಗೂ ಅಜ್ಜನ ಕಾಲದ ಬಂಡಸಾಲೆಯ ಹಾಗೇ ಇದೆ.

ಅಲ್ಲಿ ಎರಡು ಪೇಟೆಗಳಿವೆ. ಕಲಾವಿದರಿಂದ ಮೊದಲ ಸಲ ಮಾರಾಟವಾಗುವುದು ಒಂದು. ಕೊಂಡವರು ಮತ್ತೆ ಮಾರುವುದು ಇನ್ನೊಂದು. ಮೊದಲನೆಯದು ಗ್ಯಾಲರಿಗಳ ಕೈಯಲ್ಲಿದೆ. ಅನೇಕ ಕಡೆ ಬೆಲೆಯ ಅರ್ಧದವರೆಗೂ ಗ್ಯಾಲರಿಯ ಪಾಲು. ಅದಕ್ಕೆ ಬದಲಾಗಿ ಅವರು ಪ್ರದರ್ಶನ ಮಾಡುತ್ತಾರೆ, ಪುಸ್ತಕ ಅಚ್ಚು ಹಾಕಿಸುತ್ತಾರೆ, ಗಿರಾಕಿ ಹುಡುಕುತ್ತಾರೆ. ಒಳ್ಳೆಯ ಗ್ಯಾಲರಿಯವರು ಪಡುವ ಕಷ್ಟ ಸಣ್ಣದಲ್ಲ. ಬೆಲೆ ಹಾಕುವಾಗ ಚಿತ್ರದ ಗಾತ್ರ, ಕ್ಯಾನ್ವಾಸೋ ಕಾಗದವೋ, ಹಿಂದಿನ ಪ್ರದರ್ಶನದಲ್ಲಿ ಎಷ್ಟಿತ್ತು, ಅದೇ ವಯಸ್ಸಿನ ಬೇರೆ ಕಲಾವಿದರಿಗೆ ಎಷ್ಟಿದೆ ಎಂದೆಲ್ಲ ನೋಡುತ್ತಾರೆ. ಒಂದು ನಿಯಮ ಮಾತ್ರ ಬಿಡುವುದಿಲ್ಲ: ಒಮ್ಮೆ ಏರಿಸಿದ ಬೆಲೆಯನ್ನು ಎಲ್ಲರಿಗೂ ಕಾಣುವ ಹಾಗೆ ಇಳಿಸುವುದಿಲ್ಲ. ಇಳಿಸಿದರೆ ಹಿಂದೆ ಕೊಂಡವರಿಗೆ ಭಯ ಹುಟ್ಟುತ್ತದೆ. ಹಾಗಾಗಿ ಗಿರಾಕಿ ಕಡಿಮೆಯಾದಾಗ ರಿಯಾಯಿತಿ ಗುಟ್ಟಾಗಿ ನಡೆಯುತ್ತದೆ. ಚೀಟಿಯಲ್ಲಿ ಇರುವುದು ಒಂದು, ಕೈಗೆ ಬರುವುದು ಇನ್ನೊಂದು. ಇನ್ನು ಬೇಡಿಕೆ ಜಾಸ್ತಿ ಇರುವ ಕಲಾವಿದರ ಚಿತ್ರ ದುಡ್ಡಿದ್ದ ಮಾತ್ರಕ್ಕೆ ಸಿಗುವುದಿಲ್ಲ. ಯಾರ ಮನೆಗೆ ಹೋದರೆ ಹೆಸರು ಬರುತ್ತದೆ, ಯಾರು ಮ್ಯೂಸಿಯಮಿಗೆ ಕೊಡಬಹುದು ಎಂದು ನೋಡಿ ಗ್ಯಾಲರಿಯೇ ಗಿರಾಕಿಯನ್ನು ಆರಿಸುತ್ತದೆ. ಉಳಿದವರು ಕಾಯಬೇಕು. ಆ ಕಾಯುವ ಸಾಲೇ ಬೆಲೆಯನ್ನು ಇನ್ನಷ್ಟು ಮೇಲೆ ತಳ್ಳುತ್ತದೆ.

ಏಲಂ ಮನೆ ನೋಡಲು ತೆರೆದ ಬಾಗಿಲಿನ ಹಾಗೆ ಕಾಣುತ್ತದೆ. ಎಲ್ಲರೆದುರು ಕೂಗು, ಎಲ್ಲರೆದುರು ಸುತ್ತಿಗೆ. ಆದರೆ ಪ್ರತಿ ಚಿತ್ರಕ್ಕೂ ಮಾರುವವರು ಒಪ್ಪಿದ ಒಂದು ಕನಿಷ್ಠ ಮೊತ್ತ ಇರುತ್ತದೆ. ಅದು ಗುಟ್ಟು. ಆ ಮೊತ್ತ ಮುಟ್ಟುವ ತನಕ ಏಲಂ ಕೂಗುವವರು ಮಾರುವವರ ಪರವಾಗಿ ತಾವೇ ಕೂಗು ಏರಿಸಬಹುದು. ಕೋಣೆಯಲ್ಲಿ ಯಾರೂ ಕೈ ಎತ್ತಿರುವುದಿಲ್ಲ. ದೀಪದ ಗೊಂಚಲನ್ನು ನೋಡಿ ಕೂಗು ತೆಗೆದುಕೊಂಡರು ಎಂದು ಆ ವ್ಯಾಪಾರದವರೇ ಇದಕ್ಕೆ ಹೆಸರಿಟ್ಟಿದ್ದಾರೆ. ಏಲಂ ಮನೆಗಳ ಷರತ್ತಿನಲ್ಲಿ ಸಣ್ಣ ಅಕ್ಷರದಲ್ಲಿ ಇದನ್ನು ಬರೆದಿರುತ್ತದೆ, ಕಾನೂನಿಗೆ ತಪ್ಪಲ್ಲ. ಆದರೂ ಪಕ್ಕದಲ್ಲಿ ಕುಳಿತವರಿಗೆ ಅನಿಸುವುದೇನು? ಯಾರೋ ಇದನ್ನು ಬಯಸುತ್ತಿದ್ದಾರೆ, ನಾನೂ ಬಿಡಬಾರದು ಎಂದೇ ಅಲ್ವಾ?

ಗ್ಯಾರಂಟಿ ಎಂಬುದು ಇದಕ್ಕಿಂತ ದೊಡ್ಡದು. ದುಬಾರಿ ಚಿತ್ರ ಇರುವವರನ್ನು ಒಲಿಸಲು ಏಲಂ ಮನೆ, ಮಾರಾಟ ಆಗಲಿ ಬಿಡಲಿ ಇಷ್ಟು ಕೊಡುತ್ತೇವೆ ಎಂದು ಮಾತು ಕೊಡುತ್ತದೆ. ಆ ಅಪಾಯವನ್ನು ಹೊರಗಿನ ಒಬ್ಬ ಶ್ರೀಮಂತರ ಮೇಲೆ ಹಾಕುತ್ತದೆ. ಬೇರೆ ಯಾರೂ ಕೂಗದಿದ್ದರೆ ಅವರೇ ಕೊಳ್ಳಬೇಕು. ಬೇರೆಯವರು ಮೇಲೆ ಕೂಗಿದರೆ ಅವರಿಗೆ ಒಂದು ಪಾಲು ಸಿಗುತ್ತದೆ. ಅಂದರೆ ಏಲಂ ಶುರುವಾಗುವ ಮೊದಲೇ ಅದು ಮಾರಾಟವಾಗಿದೆ. ಗ್ಯಾರಂಟಿ ಕೊಟ್ಟವರ ಬಳಿ ಅದೇ ಕಲಾವಿದರ ಇನ್ನೂ ಹತ್ತು ಚಿತ್ರ ಇದ್ದರೆ, ಬೆಲೆ ಏರುವುದರಲ್ಲಿ ಅವರಿಗೆ ಇನ್ನೂ ಹತ್ತು ಲಾಭ. ಗ್ಯಾಲರಿಗಳು ತಮ್ಮ ಕಲಾವಿದರ ಚಿತ್ರ ಏಲಂನಲ್ಲಿ ಬಿದ್ದುಹೋಗದಂತೆ ತಾವೇ ಕೂಗಿ ಹಿಡಿಯುವುದೂ ಉಂಟು. ಷೇರು ಪೇಟೆಯಲ್ಲಿ ಬೆಲೆ ಏರಿಸಲೆಂದೇ ಹೀಗೆ ಮಾಡಿ ಸಿಕ್ಕಿಬಿದ್ದರೆ ಆ ಪೇಟೆಯನ್ನು ಕಾಯುವ ಸರ್ಕಾರಿ ಸಂಸ್ಥೆ ಸೆಬಿ ನೋಟಿಸು ಕಳಿಸುತ್ತದೆ. ಇಲ್ಲಿ ಕಳಿಸುವವರು ಯಾರೂ ಇಲ್ಲ.

ದೊಡ್ಡ ಏಲಂ ಮನೆಗಳು ಒಟ್ಟಾಗಿ ಮೋಸ ಮಾಡಿ ಸಿಕ್ಕಿಬಿದ್ದದ್ದೂ ಇದೆ. ಸದಬೀಸ್ ಮತ್ತು ಕ್ರಿಸ್ಟೀಸ್ ಲೋಕದ ಏಲಂ ವ್ಯಾಪಾರದ ಬಹುಪಾಲನ್ನು ಹಿಡಿದಿದ್ದವು. 1990ರ ದಶಕದಲ್ಲಿ ಮಾರುವವರಿಂದ ತೆಗೆದುಕೊಳ್ಳುವ ಕಮಿಷನ್ ಎಷ್ಟಿರಬೇಕು ಎಂದು ಎರಡೂ ಗುಟ್ಟಾಗಿ ಮಾತಾಡಿಕೊಂಡವು. ಗಿರಾಕಿಗಳ ದಾವೆಗೆ 51.2 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಳ್ಳಬೇಕಾಯಿತು. ಸದಬೀಸ್‌ನ ಅಧ್ಯಕ್ಷರಾಗಿದ್ದ ಆಲ್ಫ್ರೆಡ್ ಟಾಬ್ಮನ್ 2001ರಲ್ಲಿ ದೋಷಿ ಎಂದು ತೀರ್ಪಾಗಿ ಜೈಲಿಗೆ ಹೋದರು.

ಡೇಮಿಯನ್ ಹರ್ಸ್ಟ್ ಎಂಬ ಬ್ರಿಟಿಷ್ ಕಲಾವಿದರ ಒಂದು ಸಂಗತಿ ನನ್ನನ್ನು ತುಂಬ ಕಾಡಿದೆ. 2007ರಲ್ಲಿ ಅವರು ತಲೆಬುರುಡೆಯೊಂದರ ಅಚ್ಚಿಗೆ 8,601 ವಜ್ರ ಕೂರಿಸಿ ಪ್ರದರ್ಶನಕ್ಕಿಟ್ಟರು. ಕೇಳಿದ ಬೆಲೆ 5 ಕೋಟಿ ಪೌಂಡ್. ಅದೇ ವರ್ಷ, ಕೆಲವು ಹೂಡಿಕೆದಾರರ ಗುಂಪು ಪೂರ್ತಿ ಬೆಲೆ ಕೊಟ್ಟು ಕೊಂಡಿದೆ ಎಂಬ ಸುದ್ದಿ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಆ ಗುಂಪಿನಲ್ಲಿ ಹರ್ಸ್ಟ್ ಅವರೂ ಇದ್ದರು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸದಬೀಸ್‌ನಲ್ಲಿ ಅವರ ಕೃತಿಗಳ ಎರಡು ದಿನದ ಏಲಂ ಸುಮಾರು 11 ಕೋಟಿ ಪೌಂಡ್ ತಂದಿತು. ಆ ಏಲಂ ಶುರುವಾದ ದಿನವೇ ಅಮೆರಿಕದಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು. 2022ರಲ್ಲಿ ಹರ್ಸ್ಟ್ ಹೇಳಿದರು: ಬುರುಡೆ ಮಾರಾಟ ಆಗಿರಲೇ ಇಲ್ಲ, ಅದು ಇನ್ನೂ ತಮ್ಮದು, ತಮ್ಮ ಗ್ಯಾಲರಿಯದು ಮತ್ತು ಹೆಸರು ಹೇಳದ ಕೆಲವರದು. ಹದಿನೈದು ವರ್ಷ ಆ 5 ಕೋಟಿ ಪೌಂಡ್ ಎಂಬ ಅಂಕಿ ಲೋಕದಲ್ಲಿ ಓಡಾಡಿತು. ನಡುವೆ ಹರ್ಸ್ಟ್ ಕೃತಿ ಕೊಂಡವರ ಲೆಕ್ಕದಲ್ಲಿ ಅದು ಸೇರಿರಲಿಲ್ಲ ಎಂದು ಹೇಗೆ ಹೇಳುವುದು?

ಇನ್ನು ಮಧ್ಯದವರ ಲಾಭ. ಲಿಯೊನಾರ್ಡೊ ಡಾವಿಂಚಿಯದ್ದು ಎನ್ನುವ ‘ಸಾಲ್ವತೋರ್ ಮುಂಡಿ’ ಚಿತ್ರ 2005ರಲ್ಲಿ ಅಮೆರಿಕದ ಒಂದು ಸಣ್ಣ ಏಲಂನಲ್ಲಿ 1,175 ಡಾಲರಿಗೆ ಹೋಗಿತ್ತು. ಆಗ ಅದು ಯಾರೋ ನಕಲು ಮಾಡಿದ ಹಾಳಾದ ಚಿತ್ರ. ತೊಳೆದು, ತಿದ್ದಿ, ಲಿಯೊನಾರ್ಡೊನದೇ ಎಂದು ಕೆಲವು ತಜ್ಞರು ಒಪ್ಪಿದರು. 2013ರಲ್ಲಿ ಸ್ವಿಸ್ ಮಧ್ಯವರ್ತಿಯೊಬ್ಬರು ಸುಮಾರು 8 ಕೋಟಿ ಡಾಲರಿಗೆ ಪಡೆದು, ತಕ್ಷಣವೇ ರಷ್ಯಾದ ಶ್ರೀಮಂತರೊಬ್ಬರಿಗೆ 12.75 ಕೋಟಿಗೆ ದಾಟಿಸಿದರು. ಕೊಂಡವರಿಗೆ ಅಸಲು ಬೆಲೆ ಗೊತ್ತಾದದ್ದು ಆಮೇಲೆ. ಕೋರ್ಟು ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 2017ರಲ್ಲಿ ಅದೇ ಚಿತ್ರ ಕ್ರಿಸ್ಟೀಸ್‌ನಲ್ಲಿ 45 ಕೋಟಿ ಡಾಲರ್ ಮುಟ್ಟಿತು. ಲಿಯೊನಾರ್ಡೊನ ಕೈ ಅದರಲ್ಲಿ ಎಷ್ಟಿದೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಅಜ್ಜನಿಗೆ ಬೊಂಬಾಯಿಯ ರೇಟು ಗೊತ್ತಿರಲಿಲ್ಲ. ಕೋಟ್ಯಧಿಪತಿಗೂ ಗೊತ್ತಿರಲಿಲ್ಲ. ಕತ್ತಲು ಇಬ್ಬರಿಗೂ ಒಂದೇ.

ನಮ್ಮ ದೇಶಕ್ಕೆ ಬರೋಣ. 2004ರಲ್ಲಿ ಮುಂಬೈಯ ಉದ್ಯಮಿಯೊಬ್ಬರು ಹುಸೇನರ 100 ಚಿತ್ರಗಳಿಗೆ 100 ಕೋಟಿ ರೂ. ಕೊಡುವುದಾಗಿ ಸಾರಿದರು. ಚಿತ್ರಕ್ಕೆ ಒಂದು ಕೋಟಿ! ದೇಶವೆಲ್ಲ ಅದೇ ಮಾತು. ವ್ಯವಹಾರ ನೂರರ ತನಕ ಹೋಗಲಿಲ್ಲ. ಆಮೇಲೆ ಕೃಷಿ ಮಾರಾಟದ ಸಹಕಾರಿ ಸಂಸ್ಥೆ ನಾಫೆಡ್‌ಗೆ ಆ ಉದ್ಯಮಿಯ ಕಂಪನಿ ತೀರಿಸದ ಸಾಲದ ಪ್ರಕರಣದಲ್ಲಿ 25 ಚಿತ್ರಗಳು ಜಪ್ತಿಯಾಗಿ ವರ್ಷಗಟ್ಟಲೆ ಬೀಗದೊಳಗೆ ಉಳಿದವು. ಹೈಕೋರ್ಟಿನ ಅನುಮತಿಯಿಂದ 2025ರ ಜೂನಿನಲ್ಲಿ ಮುಂಬೈಯಲ್ಲಿ ಏಲಂ ಆಗಿ 67 ಕೋಟಿ ರೂ.ಗೂ ಹೆಚ್ಚು ಬಂತು. 100 ಕೋಟಿಯ ಸುದ್ದಿ ಮಾತ್ರ ಹುಟ್ಟಿದ ದಿನದಿಂದಲೇ ತನ್ನ ಕೆಲಸ ಮಾಡಿತ್ತು. ಆ ವರ್ಷಗಳಲ್ಲಿ ಚಿತ್ರಗಳನ್ನು ಚದರ ಇಂಚಿನ ಲೆಕ್ಕದಲ್ಲಿ ಅಳೆಯುವುದೂ ಜೋರಾಗಿತ್ತು. ಓಸಿಯನ್ಸ್ ಎಂಬ ಸಂಸ್ಥೆ ಕಲೆಯ ಬೆಲೆಯ ಸೂಚ್ಯಂಕ ಪ್ರಕಟಿಸುತ್ತಿತ್ತು. ಅದೇ ಸಂಸ್ಥೆ ಏಲಂ ನಡೆಸುತ್ತಿತ್ತು. ಅದೇ ಸಂಸ್ಥೆ 2006ರಲ್ಲಿ ಕಲೆಯ ಮೇಲೆ ಹೂಡಲು ಜನರಿಂದ 102 ಕೋಟಿ ರೂ. ಸಂಗ್ರಹಿಸಿತು. ತೂಕ ಹಾಕುವವರು, ರೇಟು ಬರೆಯುವವರು, ಕೊಳ್ಳುವವರು ಒಬ್ಬರೇ ಆದರೆ ನಾವು ಆ ಮಂಡಿಗೆ ಅಡಿಕೆ ಹಾಕುತ್ತೇವಾ? 2008ರಲ್ಲಿ ಲೋಕದ ಪೇಟೆ ಬಿದ್ದಿತು. ಹಾಕಿದ ದುಡ್ಡು ಹೊತ್ತಿಗೆ ಸರಿಯಾಗಿ ಹೂಡಿದವರಿಗೆ ವಾಪಸ್ ಬರಲಿಲ್ಲ, 2013ರಲ್ಲಿ ಸೆಬಿ ಆದೇಶ ಹೊರಡಿಸಬೇಕಾಯಿತು.

ಹೆಸರು ಬೆಳೆಸುವ ನ್ಯಾಯವಾದ ದಾರಿಯೂ ಬೆಲೆಯನ್ನು ಎತ್ತುತ್ತದೆ. ಚಿತ್ರಕಾರ ಎಸ್.ಎಚ್. ರಝಾ ಹುಟ್ಟಿದ್ದು 1922ರಲ್ಲಿ. ನೂರು ತುಂಬಿದ ಮೇಲೆ, 2023ರ ಫೆಬ್ರವರಿಯಿಂದ ಪ್ಯಾರಿಸ್ಸಿನ ಪೊಂಪಿಡು ಕೇಂದ್ರದಲ್ಲಿ ಅವರ ದೊಡ್ಡ ಪ್ರದರ್ಶನ ನಡೆಯಿತು. ಆಗಸ್ಟಿನಲ್ಲಿ ಅವರ ‘ಜೆಸ್ಟೇಶನ್’ ಮುಂಬೈಯಲ್ಲಿ 51.75 ಕೋಟಿ ರೂ.ಗೆ ಹೋಯಿತು. ಮುಂದಿನ ತಿಂಗಳೇ ಅಮೃತಾ ಶೇರ್‌ಗಿಲ್ ಅವರ ‘ದಿ ಸ್ಟೋರಿ ಟೆಲ್ಲರ್’ 61.8 ಕೋಟಿಗೆ ಹೋಯಿತು. ಶೇರ್‌ಗಿಲ್, ರವಿವರ್ಮ ಸೇರಿ ಕೆಲವು ಕಲಾವಿದರ ಕೃತಿಗಳನ್ನು ಸರ್ಕಾರ 1970ರ ದಶಕದಲ್ಲಿ ಕಲಾ ನಿಧಿ ಎಂದು ಸಾರಿದೆ. ಅವರ, ಇಲ್ಲಿರುವ ಚಿತ್ರ ಮಾರಾಟಕ್ಕೆಂದು ದೇಶ ಬಿಟ್ಟು ಹೋಗುವ ಹಾಗಿಲ್ಲ. ಅಂಥವುಗಳ ಪೇಟೆ ದೇಶದೊಳಗೆ ಮಾತ್ರ.

ಇಷ್ಟೆಲ್ಲ ಕೋಟಿಗಳಲ್ಲಿ ಬರೆದವರಿಗೆ ಏನು ಬಂತು? ನನಗೆ ಮುಖ್ಯವಾದ ಪ್ರಶ್ನೆ ಇದೇ.

ಚಿತ್ರಕಾರ ತೈಯಬ್ ಮೆಹ್ತಾ ಅವರ ‘ಸೆಲೆಬ್ರೇಶನ್’ 2002ರಲ್ಲಿ ಕ್ರಿಸ್ಟೀಸ್‌ನಲ್ಲಿ ಸುಮಾರು ಒಂದೂವರೆ ಕೋಟಿ ರೂ.ಗೆ ಮಾರಾಟವಾದಾಗ ಅವರು ಬದುಕಿದ್ದರು. ದುಡ್ಡು ಹೋದದ್ದು ಚಿತ್ರ ಇಟ್ಟುಕೊಂಡಿದ್ದವರಿಗೆ. ಮೆಹ್ತಾ 2009ರಲ್ಲಿ ತೀರಿಕೊಂಡರು. 2025ರಲ್ಲಿ, ಅವರು ಹುಟ್ಟಿ ನೂರು ವರ್ಷ ಆಗುವ ಹೊತ್ತಿಗೆ, 1956ರ ಅವರ ‘ಟ್ರಸ್ಡ್ ಬುಲ್’ 61.8 ಕೋಟಿ ರೂ.ಗೆ ಹೋಯಿತು. ಅಮೆರಿಕದಲ್ಲಿ 1973ರಲ್ಲೇ ಈ ಸಿಟ್ಟು ಹೊರಗೆ ಬಂದಿತ್ತು. ಅಲ್ಲಿನ ಕಲಾವಿದ ರಾಬರ್ಟ್ ರೌಶನ್‌ಬರ್ಗ್ 1958ರಲ್ಲಿ 900 ಡಾಲರಿಗೆ ಮಾರಿದ್ದ ಚಿತ್ರ ಏಲಂನಲ್ಲಿ 85,000 ಡಾಲರ್ ತಂದಿತು. ಅವರು ಎಲ್ಲರೆದುರೇ ಅದನ್ನು ಏಲಂಗೆ ಹಾಕಿದ ಸಂಗ್ರಾಹಕರ ಜೊತೆ ಜಗಳಕ್ಕೆ ನಿಂತರು.

ನಮ್ಮಲ್ಲಿ ಇದಕ್ಕೆ ಕಾನೂನು ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಕಾಪಿರೈಟ್ ಕಾಯ್ದೆಗೆ 1994ರಲ್ಲಿ ಸೇರಿಸಿದ 53ಎ ಕಲಮು. ಚಿತ್ರ, ಶಿಲ್ಪ, ರೇಖಾಚಿತ್ರ, ಮೂಲ ಹಸ್ತಪ್ರತಿ ಯಾವುದೇ ಆಗಲಿ, 10 ಸಾವಿರ ರೂ. ಮೀರಿ ಮತ್ತೆ ಮಾರಾಟವಾದರೆ ಬರೆದವರಿಗೆ ಅಥವಾ ವಾರಸುದಾರರಿಗೆ ಪಾಲು ಸಿಗಬೇಕು. ಆ ಪಾಲು ಮಾರಿದ ಬೆಲೆಯ ಶೇ. 10 ಮೀರಬಾರದು. ಕಾಪಿರೈಟನ್ನು ಬೇರೆಯವರಿಗೆ ಬರೆದುಕೊಟ್ಟಿದ್ದರೂ ಈ ಪಾಲು ತಪ್ಪುವುದಿಲ್ಲ. ಕೇಳಲು ಎಷ್ಟು ಚೆಂದ! ಆದರೆ ಪಾಲು ತಾನಾಗಿ ಬರುವುದಿಲ್ಲ, ಎಷ್ಟು ಎಂದು ಮೇಲಿನವರು ತೀರ್ಮಾನಿಸಬೇಕು. ಅದನ್ನು ಮಾಡಬೇಕಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯೇ 2021ರಲ್ಲಿ ರದ್ದಾಯಿತು. ಈಗ ಕೋರ್ಟಿಗೆ ಅಲೆಯಬೇಕು. ಅದಕ್ಕೂ ಮುಂಚೆ, ತನ್ನ ಚಿತ್ರ ಎಲ್ಲಿ, ಯಾವಾಗ, ಎಷ್ಟಕ್ಕೆ ಮಾರಾಟವಾಯಿತು ಎಂದು ಕಲಾವಿದರಿಗೆ ಗೊತ್ತಾಗಬೇಕು. ಗುಟ್ಟಿನ ಮಾರಾಟದಲ್ಲಿ ಅದು ಗೊತ್ತಾಗುವುದು ಹೇಗೆ? ಫ್ರಾನ್ಸಿನಲ್ಲಿ 1920ರಿಂದಲೇ ಈ ಹಕ್ಕು ಇದೆ. ಬ್ರಿಟನ್ನಿನಲ್ಲಿ 2006ರಿಂದ ಶೇ. 4ರಿಂದ ಶುರುವಾಗುವ ಪಾಲು ಕಟ್ಟಲೇಬೇಕು, ಸಂಗ್ರಹಿಸಲು ಸಂಸ್ಥೆಗಳಿವೆ. ನಮ್ಮಲ್ಲೂ ಏಲಂ ಮನೆಯೇ ಮುರಿದುಕೊಂಡು ಕಲಾವಿದರ ಖಾತೆಗೆ ಹಾಕುವ ನಿಯಮ ಬಂದರೆ ಯಾರಿಗೂ ನಷ್ಟವಿಲ್ಲ.

ಚಿತ್ರಕ್ಕೆ ಅಡಿಕೆಯ ಹಾಗೆ ಧಾರಣೆ ಕಟ್ಟಲಾಗದು, ಒಪ್ಪುತ್ತೇನೆ. ಒಂದರ ಹಾಗೆ ಇನ್ನೊಂದಿಲ್ಲ. ನಾನು ಕೇಳುತ್ತಿರುವುದು ಇಷ್ಟೆ: ಯಾರು ಗ್ಯಾರಂಟಿ ಕೊಟ್ಟಿದ್ದಾರೆ, ಮಾರುವವರಿಗೂ ಏಲಂ ಮನೆಗೂ ಏನು ಸಂಬಂಧ, ಗ್ಯಾಲರಿಯಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು, ಇವು ಹೊರಗೆ ಕಾಣಬೇಕು.

ಇದು ದೂರದ ಮಾತಲ್ಲ. ನಮ್ಮ ಅಜ್ಜಿಮನೆಯ ಚಾವಡಿಯಲ್ಲಿ ರವಿವರ್ಮ ಪ್ರೆಸ್ಸಿನ ಸರಸ್ವತಿ ಇತ್ತು, ಸೀರೆಗೆ ಜರಿ ಹೊಲಿದದ್ದು. ಹಳೆ ಮನೆ ಕೆಡವುವಾಗ ಹಳೆ ಸಾಮಾನು ಕೊಳ್ಳುವವರೊಬ್ಬರು ಬಂದು, ಎರಡು ಹಿತ್ತಾಳೆ ದೀಪದ ಜೊತೆ ಅದನ್ನೂ ಮುನ್ನೂರು ರೂಪಾಯಿಗೆ ಒಯ್ದರು. ಕಾಗದದ ಚಿತ್ರ, ಸುಮ್ನೆ ಕೊಡಿ ಎಂದೇ ಅವರು ಕೇಳಿದ್ದು. ವರ್ಷಗಳ ಮೇಲೆ ಕೊಚ್ಚಿಯ ಕಡೆಯ ಒಂದು ಅಂಗಡಿಯಲ್ಲಿ ಅಂಥದ್ದೇ ಒಂದರ ಚೀಟಿ ನೋಡಿದೆ. ನಲವತ್ತು ಸಾವಿರ. ಅಮ್ಮನಿಗೆ ಹೇಳಲು ಮನಸ್ಸು ಬರಲಿಲ್ಲ. ಈ ಕಡೆ ಮನೆ ಕೆಡವುವವರು ದಯವಿಟ್ಟು ಒಮ್ಮೆ ವಿಚಾರಿಸಿ. ನೂರು ವರ್ಷ ದಾಟಿದ ವಿಗ್ರಹ, ಭೂತದ ಮೊಗ, ಕೆತ್ತನೆಯ ಕಂಬಗಳಿಗೆ 1972ರ ಪುರಾವಸ್ತು ಕಾಯ್ದೆ ಇದೆ, ಹೊರದೇಶಕ್ಕೆ ಕಳಿಸುವುದು ಅಪರಾಧ.

ನನಗೆ ಪರಿಚಯದ ಒಬ್ಬ ಡ್ರಾಯಿಂಗ್ ಮಾಷ್ಟ್ರು ಇದ್ದಾರೆ. ನಿವೃತ್ತರಾದ ಮೇಲೆ ಚಿತ್ರ ಬರೆಯುವುದೇ ಕೆಲಸ. ಕಾಞಂಗಾಡಿನ ಲಲಿತಕಲಾ ಅಕಾಡೆಮಿ ಗ್ಯಾಲರಿಗೆ ಇಬ್ಬರೂ ಒಟ್ಟಿಗೆ ಹೋಗುವುದುಂಟು. ಬಣ್ಣ, ಕ್ಯಾನ್ವಾಸ್, ಕಟ್ಟು, ದಿನಗೂಲಿ ಎಂದು ಲೆಕ್ಕ ಹಾಕಿ ಬೆಲೆ ಹೇಳುವವರು ಅವರು. ಬಿಲ್ಲು ಬರೆಯುವ ಅಭ್ಯಾಸ ಇರಲಿಲ್ಲ. “ಮಾಷ್ಟ್ರೇ, ನೀವು ಬರೆದುಕೊಡದಿದ್ದರೆ ನಾಳೆ ಇದು ನಿಮ್ಮದೇ ಎಂದು ಹೇಳುವವರು ಯಾರು?” ಎಂದು ಕೇಳಿದೆ. ಹೋದ ತಿಂಗಳು ಉಪ್ಪಳದ ಮನೆಯೊಂದಕ್ಕೆ ಒಂದು ಚಿತ್ರ ಹೋಯಿತು, ಹದಿನಾಲ್ಕು ಸಾವಿರಕ್ಕೆ. ಈ ಸಲ ಬಿಲ್ಲು ಬರೆದರು. ಅಳತೆ, ಬರೆದ ವರ್ಷ, ಯಾವ ಬಣ್ಣ, ಬೆಲೆ, ಕೊಂಡವರ ಹೆಸರು, ಮುಂಭಾಗದ ಒಂದು ಫೋಟೊ, ಹಿಂಭಾಗದ ಒಂದು ಫೋಟೊ. ಕೊನೆಯ ಸಾಲಿನಲ್ಲಿ, ಮುಂದೆ ಮಾರಿದರೆ ಬೆಲೆಯ ಜೊತೆ ನನಗೆ ಅಥವಾ ನನ್ನ ಮಕ್ಕಳಿಗೆ ತಿಳಿಸಬೇಕು, 53ಎ ಪ್ರಕಾರ ನಮಗೆ ಪಾಲಿದೆ ಎಂದು ಬರೆದರು. ಕೊಂಡವರು ಎರಡು ಸಲ ಓದಿದರು. ಇಂಥದ್ದೊಂದು ಇದೆ ಎಂದು ಗೊತ್ತೇ ಇರಲಿಲ್ಲ ಎಂದರು. ಆಮೇಲೆ ಸಹಿ ಹಾಕಿ, ಒಂದು ಪ್ರತಿ ಮಾಷ್ಟ್ರ ಕೈಗೆ ಕೊಟ್ಟರು.